‘ಇಲ್ಲಾ’ ಅನ್ನುವ ಪದಕ್ಕೆ ಬಣ್ಣ ಯಾವುದು? ರೆನ್ಯೋನ ಒಂದು ಚಿತ್ರದ ಪ್ರಕರಣ

ಜರ್ಮನಿಯ ಹ್ಯಾಂಬರ್ಗ್ ಊರಿನ ಕುನ್ಸ್ಟ್‌ಹಾಲೆ ಕಲಾ ಸಂಗ್ರಹಾಲಯದಲ್ಲಿ ಒಂದು ಚಿಕ್ಕ ತೈಲಚಿತ್ರ ಇದೆ. ಎತ್ತರ 60 ಸೆಂಟಿಮೀಟರ್, ಅಗಲ 49. ದಿನಪತ್ರಿಕೆಯನ್ನು ಪೂರ್ತಿ ಬಿಡಿಸಿ ಹಿಡಿದರೆ ಮರೆಯಾಗಿಬಿಡುತ್ತದೆ, ಅಷ್ಟೇ. ಅದರೊಳಗೆ ಮಾತ್ರ ಇಡೀ ಭೂಮಿ ಇದೆ, ಒಂದು ದೇಶ ಇದೆ, ಸ್ವಾತಂತ್ರ್ಯ ಇದೆ, ಸಾವೂ ಇದೆ. ಹೆಸರು ‘ಸ್ವಾತಂತ್ರ್ಯ ಇಲ್ಲಾ ಸಾವು’. ಬರೆದವನು ಪ್ಯಾರಿಸ್ಸಿನ ಝಾಂ-ಬಾಪ್ತಿಸ್ತ್ ರೆನ್ಯೋ. ಕಾಲ 1794-95.

ಇದು ಚಿಕ್ಕ ಪ್ರತಿ. ಇದೇ ಚಿತ್ರವನ್ನು ತುಂಬಾ ದೊಡ್ಡದಾಗಿಯೂ ರೆನ್ಯೋ ಬರೆದಿದ್ದ. 1795ರಲ್ಲಿ ಲೂವ್ರ್‌ನಲ್ಲಿ ನಡೆದ ಸಲೋನ್ ಪ್ರದರ್ಶನಕ್ಕೆ ಇಟ್ಟಿದ್ದು ಅದನ್ನು. ಆ ದೊಡ್ಡ ಚಿತ್ರ ಈಗ ಇಲ್ಲ, ಕಳೆದುಹೋಗಿದೆ. ಉಳಿದಿರೋದು ಹ್ಯಾಂಬರ್ಗ್‌ನ ಚಿಕ್ಕದು.

ನಾನು ಇದನ್ನು ‘ಪ್ರಕರಣ’ ಅಂತ ಕರೆಯೋದಕ್ಕೆ ಕಾರಣ ಚಿತ್ರದ ಚಂದ ಅಲ್ಲ. ನಿಜ ಹೇಳಬೇಕೆಂದರೆ ಇದು ಅಷ್ಟೇನೂ ಚಂದದ ಚಿತ್ರವೂ ಅಲ್ಲ. ಕಾರಣ ಬೇರೆ. ಒಂದು ಘೋಷಣೆಯನ್ನು ಚಿತ್ರಕಾರನೊಬ್ಬ ಅಕ್ಷರ ಬಿಡದೆ ಬಣ್ಣಕ್ಕಿಳಿಸಿದ. ಜನರ ಮುಂದೆ ಇಡುವ ಹೊತ್ತಿಗೆ ಆ ಘೋಷಣೆಯ ಅರ್ಧವನ್ನು ಹೇಳೋಕೆ ಊರೇ ಹಿಂಜರಿಯುತ್ತಿತ್ತು. ಎಡವಟ್ಟು ಎಲ್ಲಾಯಿತು? ಸಮಯದ್ದಾ, ಚಿತ್ರಕಾರನದ್ದಾ, ಘೋಷಣೆಯದ್ದಾ?

ಪಟದೊಳಗೆ ಏನಿದೆ

ನಡುವೆ ಗಾಳಿಯಲ್ಲಿ ತೇಲುವ ಒಬ್ಬ ಯುವಕ. ಮೈಮೇಲೆ ಬಟ್ಟೆ ಇಲ್ಲ. ಎರಡೂ ಕೈ ಚಾಚಿದ್ದಾನೆ, ನಮ್ಮ ಸರ್ಕಲ್‌ನಲ್ಲಿ ನಿಂತ ಟ್ರಾಫಿಕ್ ಪೊಲೀಸರ ಹಾಗೆ. ಬೆನ್ನಿಗೆ ದೊಡ್ಡ ರೆಕ್ಕೆ. ರೆಕ್ಕೆಯ ಬಣ್ಣ ನೀಲಿ, ಬಿಳಿ, ಕೆಂಪು. ಹೌದು, ಫ್ರಾನ್ಸಿನ ಧ್ವಜದ್ದೇ ಬಣ್ಣ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಮಕ್ಕಳಿಗೆ ರಟ್ಟಿನ ರೆಕ್ಕೆ ಕಟ್ಟಿ ಕೇಸರಿ, ಬಿಳಿ, ಹಸಿರು ಬಳಿದು ವೇದಿಕೆಗೆ ಹತ್ತಿಸ್ತಾರಲ್ಲ, ಅದೇ ನೆನಪಾಯಿತು.

ಇವನು ಫ್ರಾನ್ಸಿನ ‘ಜೀನಿಯಸ್’. ಬುದ್ಧಿವಂತ ಅನ್ನುವ ಅರ್ಥದಲ್ಲಲ್ಲ. ರೋಮನ್ನರು ಒಂದೊಂದು ಜಾಗಕ್ಕೂ, ಒಬ್ಬೊಬ್ಬ ಮನುಷ್ಯನಿಗೂ ಒಂದು ಕಾಯುವ ಚೇತನ ಇದೆ ಅಂತ ನಂಬಿದ್ದರು. ಅದಕ್ಕೆ ಈ ಹೆಸರು. ನಮ್ಮ ಕ್ಷೇತ್ರಪಾಲನನ್ನು ನೆನೆಸಿಕೊಂಡರೆ ಹತ್ತಿರ ಬರುತ್ತದೆ. ಅವನ ಭಂಗಿ ಹೊಸದಲ್ಲ. ರೋಮಿನ ವಿಲ್ಲಾ ಫಾರ್ನೆಸಿನಾದ ಚಾವಣಿಯಲ್ಲಿ ಇಟಲಿಯ ಚಿತ್ರಕಾರ ರಫಾಯೆಲ್ ಮತ್ತು ಅವನ ಶಿಷ್ಯರು ಬರೆದ ಹಾರುವ ಮರ್ಕ್ಯುರಿಯ ಭಂಗಿ ಅದು. ರೆನ್ಯೋ ರೋಮಿನಲ್ಲಿ ಓದಿದವನು, 1776ರಲ್ಲಿ ‘ಪ್ರಿ ದ ರೋಮ್’ ಬಹುಮಾನ ಗೆದ್ದವನು. ದೇವತೆಗಳ ಸುದ್ದಿ ತರುವ ದೂತನನ್ನು ತಂದು ದೇಶ ಮಾಡಿಬಿಟ್ಟ. ಕೆಳಗೆ ಭೂಗೋಳ. ಅಂದರೆ ಈ ಸುದ್ದಿ ಫ್ರಾನ್ಸಿಗೆ ಮಾತ್ರ ಅಲ್ಲ, ಜಗತ್ತಿಗೇ.

ಅವನ ಒಂದು ಪಕ್ಕ ಸ್ವಾತಂತ್ರ್ಯ, ಆಸನದ ಮೇಲೆ ಕೂತ ಹೆಂಗಸು. ಒಂದು ಕೈಯಲ್ಲಿ ಕೆಂಪು ಟೋಪಿ ಎತ್ತಿ ಹಿಡಿದಿದ್ದಾಳೆ. ರೋಮಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವನು ಟೋಪಿ ಹಾಕುತ್ತಿದ್ದ. ಫ್ರೆಂಚರು ಆ ಸಂಗತಿಯನ್ನು ಹಿಡಿದುಕೊಂಡು ಕೆಂಪು ಟೋಪಿಯನ್ನು ರಾಜನ ವಿರುದ್ಧ ಎದ್ದ ತಮ್ಮ ಕ್ರಾಂತಿಯ ಗುರುತು ಮಾಡಿಕೊಂಡರು. ಇನ್ನೊಂದು ಕೈಯಲ್ಲಿ ಗಾರೆ ಕೆಲಸದವರು ಮಟ್ಟ ನೋಡುವ ತ್ರಿಕೋನ. ಈಗ ಮೇಸ್ತ್ರಿಗಳ ಹತ್ತಿರ ಗುಳ್ಳೆ ಓಡಾಡುವ ರಸಮಟ್ಟ ಇರುತ್ತದೆ. ಆಗ ಮರದ ತ್ರಿಕೋನದ ತುದಿಯಿಂದ ಒಂದು ಗುಂಡು ಇಳಿಬಿಡುತ್ತಿದ್ದರು. ದಾರ ಸರಿಯಾಗಿ ನಡುಗೀಟಿಗೆ ಬಂದರೆ ನೆಲ ಸಮ. ಸಮಾನತೆಗೆ ಇದಕ್ಕಿಂತ ಒಳ್ಳೆ ಗುರುತು ನಾನಂತೂ ನೋಡಿಲ್ಲ. ರಾಜನ ಅರಮನೆಗೂ ಕೂಲಿಯವನ ಜೋಪಡಿಗೂ ಅದೇ ಗುಂಡು, ಅದೇ ದಾರ. ಪಕ್ಕದಲ್ಲಿ ಕೋಲುಗಳ ಕಂತೆ ಇದೆ. ಅದು ಒಗ್ಗಟ್ಟು. ಮುದುಕ ಅಪ್ಪ ಮಕ್ಕಳಿಗೆ ಕೋಲಿನ ಕಂತೆ ಕೊಟ್ಟು ಮುರಿಯಿರಿ ಅಂದ ಕಥೆ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಪಕ್ಕ ಸಾವು. ಕಪ್ಪು ಬಟ್ಟೆ ಹೊದ್ದ ಅಸ್ಥಿಪಂಜರ. ಹತ್ತಿರ ಉದ್ದ ಹಿಡಿಯ ಕುಡುಗೋಲು. ನಮ್ಮ ಯಮನಿಗೆ ಕೋಣ, ಪಾಶ. ಅವರ ಸಾವಿಗೆ ಹುಲ್ಲು ಕೊಯ್ಯುವ ಕತ್ತಿ. ಇಲ್ಲಿವರೆಗೆ ಎಲ್ಲ ಯುರೋಪಿನ ಹಳೇ ಲೆಕ್ಕವೇ. ಆದರೆ ಆ ಎಲುಬಿನ ಕೈಯಲ್ಲಿ ಇನ್ನೊಂದು ವಸ್ತು ಇದೆ, ಎಲೆ ಹೆಣೆದ ಕಿರೀಟ. ಗೆದ್ದವರಿಗೆ, ಊರನ್ನು ಕಾಪಾಡಿದವರಿಗೆ ತೊಡಿಸುವಂಥದ್ದು. ಸಾವಿನ ಕೈಯಲ್ಲಿ ಬಹುಮಾನ ಯಾಕೆ? ಇದನ್ನು ಆಮೇಲೆ ನೋಡೋಣ. ಇಡೀ ಪ್ರಕರಣದ ಕೀಲಿ ಇದೇ ಅಂತ ನನ್ನ ಅನಿಸಿಕೆ.

ಮೂರು ಥರದ ‘ಇಲ್ಲಾ’

1792ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ರಾಜಪ್ರಭುತ್ವವನ್ನು ರದ್ದು ಮಾಡಿತು. 1793ರ ಜನವರಿ 21ಕ್ಕೆ ರಾಜ ಹದಿನಾರನೇ ಲೂಯಿಯ ತಲೆ ಹೋಯಿತು. ಅಲ್ಲಿವರೆಗೆ ದೇಶ ಅಂದರೆ ರಾಜನ ಮುಖ. ನಾಣ್ಯದ ಮೇಲೂ ಅವನೇ, ಮುದ್ರೆಯ ಮೇಲೂ ಅವನೇ. ಅವನು ಹೋದ ಮೇಲೆ ದೇಶಕ್ಕೆ ಮುಖ ಬೇಕಲ್ಲ. ಹೊಸ ಸರ್ಕಾರಿ ಮುದ್ರೆಯ ಮೇಲೆ ಟೋಪಿ ಸಿಕ್ಕಿಸಿದ ಭರ್ಜಿ ಹಿಡಿದ ಹೆಂಗಸು ಬಂದಳು. ಫ್ರೆಂಚಿನಲ್ಲಿ ಸ್ವಾತಂತ್ರ್ಯ, ಗಣರಾಜ್ಯ, ರಾಷ್ಟ್ರ ಎಲ್ಲ ಸ್ತ್ರೀಲಿಂಗ. ಸಾವು ಅನ್ನುವ ಪದವೂ ಸ್ತ್ರೀಲಿಂಗವೇ. ಅಂದರೆ ರೆನ್ಯೋನ ಚಿತ್ರದಲ್ಲಿ ವ್ಯಾಕರಣದ ಪ್ರಕಾರ ಇಬ್ಬರು ಹೆಂಗಸರ ನಡುವೆ ಒಬ್ಬ ಹುಡುಗ ಇದ್ದಾನೆ! ಕನ್ನಡದಲ್ಲಿ ಸಾವಿಗೆ ಹೆಣ್ಣೂ ಇಲ್ಲ ಗಂಡೂ ಇಲ್ಲ. ಬರೋದು ‘ಅದು’.

1793ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಮನೆಗಳ ಗೋಡೆಯ ಮೇಲೆ ಒಂದು ಬರಹ ಹಬ್ಬಿತು. ‘ಸ್ವಾತಂತ್ರ್ಯ, ಸಮಾನತೆ, ಸೋದರತೆ, ಇಲ್ಲಾ ಸಾವು’. ಊರಿನ ಆಡಳಿತವೇ ಮನೆ ಮಾಲೀಕರಿಗೆ ಬರೆಸಿ ಅಂತ ಹೇಳಿತ್ತು. ಇವತ್ತು ನಾವು ಕೇಳುವ ಫ್ರಾನ್ಸಿನ ಧ್ಯೇಯವಾಕ್ಯದಲ್ಲಿ ಮೂರೇ ಪದ. ಆಗ ಬಾಲ ಇತ್ತು.

ಈಗ ಆ ‘ಇಲ್ಲಾ’ ಅನ್ನೋದನ್ನು ಸ್ವಲ್ಪ ತಿರುಗಿಸಿ ನೋಡಿ. ನಮ್ಮ ಮಾತಿನಲ್ಲೇ ಅದಕ್ಕೆ ಕನಿಷ್ಠ ಮೂರು ಮುಖ ಇದೆ. ‘ಕಾಫಿ, ಇಲ್ಲಾ ಟೀ’ ಅಂದರೆ ಆಯ್ಕೆ. ಎರಡೂ ಸರಿ, ನಿಮ್ಮಿಷ್ಟ. ‘ಮಾಡು ಇಲ್ಲವೇ ಮಡಿ’ ಅಂದರೆ ಶಪಥ. 1942ರ ಆಗಸ್ಟ್‌ನಲ್ಲಿ ಗಾಂಧೀಜಿ ಮುಂಬಯಿಯಲ್ಲಿ ಹೇಳಿದ್ದಕ್ಕೆ ಕನ್ನಡದಲ್ಲಿ ಎಷ್ಟು ಸಲೀಸಾಗಿ ಪ್ರಾಸ ಕೂತಿತು ನೋಡಿ. ಅಲ್ಲಿ ಮಡಿಯೋದು ನಾನು, ನೀನಲ್ಲ. ಮೂರನೆಯದು ‘ದುಡ್ಡು ಇಡು, ಇಲ್ಲಾ ಹಲ್ಲು ಉದುರಿಸ್ತೀನಿ’. ಇದು ಬೆದರಿಕೆ. ಹಲ್ಲು ಹೋಗೋದು ನಿನ್ನದು.

‘ಇಲ್ಲಾ ಸಾವು’ ಅಂತ ಗೋಡೆ ಮೇಲೆ ಬರೆದವರ ಮನಸ್ಸಿನಲ್ಲಿ ಮೊದಮೊದಲು ಇದ್ದಿದ್ದು ಶಪಥವೇ. ‘ಸ್ವತಂತ್ರರಾಗಿ ಬದುಕುತ್ತೇವೆ, ಇಲ್ಲಾ ಸಾಯುತ್ತೇವೆ’ ಅನ್ನೋದು ಕ್ರಾಂತಿಯ ಶುರುವಿನಿಂದ ಬಂದ ಪ್ರಮಾಣವಚನ. ಗಡಿಯಲ್ಲಿ ಆಸ್ಟ್ರಿಯಾ, ಪ್ರಶ್ಯಾ ಸೈನ್ಯ ನಿಂತಿತ್ತು, ಸಾಯುವ ಮಾತು ಬರೀ ಅಲಂಕಾರ ಆಗಿರಲಿಲ್ಲ. ಆದರೆ ವರ್ಷದೊಳಗೆ ಪದ ಹಾಗೇ ಇದ್ದು ಅರ್ಥ ಮಗ್ಗುಲು ಬದಲಿಸಿತು. ಭೀತಿಯ ಆಳ್ವಿಕೆ ಅಂತ ಕರೆಯುವ ಆ ತಿಂಗಳುಗಳಲ್ಲಿ ದೇಶದ ಉದ್ದಗಲಕ್ಕೆ ಸುಮಾರು 17,000 ಜನರಿಗೆ ಮರಣದಂಡನೆ ಆಯಿತು ಅಂತ ಇತಿಹಾಸಕಾರರ ಲೆಕ್ಕ. ಪ್ಯಾರಿಸ್ ಒಂದರಲ್ಲೇ ಸುಮಾರು 2,600. ಆಗ ಶಾಂಫೋರ್ ಅನ್ನುವ ಚೂಪು ನಾಲಿಗೆಯ ಲೇಖಕ ‘ಸೋದರತೆ ಇಲ್ಲಾ ಸಾವು’ ಅನ್ನೋದನ್ನು ಹೀಗೆ ಬಿಡಿಸಿ ಹೇಳಿದ: ‘ನನ್ನ ಅಣ್ಣತಮ್ಮ ಆಗು, ಇಲ್ಲಾ ಕೊಂದುಬಿಡ್ತೀನಿ’. ಅವನೂ ಕ್ರಾಂತಿಯ ಪಕ್ಷದವನೇ. ಮತ್ತೆ ಜೈಲಿಗೆ ಹೋಗೋದಕ್ಕಿಂತ ಸಾಯೋದೇ ಮೇಲು ಅಂತ ತನಗೆ ತಾನೇ ಗುಂಡು ಹೊಡೆದುಕೊಂಡ, ಕೂಡಲೇ ಸಾಯಲಿಲ್ಲ, ನರಳಿ 1794ರ ಏಪ್ರಿಲ್‌ನಲ್ಲಿ ತೀರಿಕೊಂಡ. ಶಪಥ ಬೆದರಿಕೆಯಾದ ಗಳಿಗೆಯನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹಿಡಿದವರು ಇನ್ನೊಬ್ಬರಿಲ್ಲ.

1794 ಮತ್ತು 95ರ ನಡುವಿನ ಅಡ್ಡಗೆರೆ

ಚಿತ್ರದ ಕಾಲ 1794-95 ಅಂತ ಬರೆದೆ. ಆ ಎರಡು ಅಂಕಿಯ ನಡುವಿನ ಚಿಕ್ಕ ಗೆರೆಯಲ್ಲಿ ಎಲ್ಲ ಅಡಗಿದೆ. 1794ರ ಜುಲೈ 28ಕ್ಕೆ, ಭೀತಿಯ ಆಳ್ವಿಕೆ ನಡೆಸಿದವರಲ್ಲಿ ಮುಖ್ಯನಾದ ರೋಬೆಸ್ಪಿಯರ್‌ನ ತಲೆಯೇ ಗಿಲೋಟಿನ್ ಅನ್ನುವ ತಲೆ ಕಡಿಯುವ ಯಂತ್ರಕ್ಕೆ ಹೋಯಿತು. ಅವತ್ತಿನಿಂದ ಊರಿನ ಹವಾ ಬದಲಾಯಿತು. ನಿನ್ನೆವರೆಗೆ ಕೆಂಪು ಟೋಪಿ ಹಾಕಿಕೊಂಡು ತಿರುಗಿದವರು ಅದನ್ನು ಪೆಟ್ಟಿಗೆಗೆ ಸೇರಿಸಿದರು. ಗೋಡೆ ಬರಹದಲ್ಲಿ ‘ಇಲ್ಲಾ ಸಾವು’ ಇದ್ದ ಭಾಗಕ್ಕೆ ಬಣ್ಣ ಬಳಿದರು.

ಚಿತ್ರಕಾರರ ಪಾಡು ಏನಾಯಿತು ಅಂತ ತಿಳಿಯೋಕೆ ದಾವೀದ್‌ನನ್ನು ನೋಡಿದರೆ ಸಾಕು. ಇರಿತಕ್ಕೆ ಸಿಕ್ಕು ಸ್ನಾನದ ತೊಟ್ಟಿಯಲ್ಲಿ ಸತ್ತ ಕ್ರಾಂತಿಯ ನಾಯಕ ಮರಾನನ್ನು 1793ರಲ್ಲಿ ಬರೆದವನು ಅವನೇ. ಆ ಚಿತ್ರ ಶಾಸನಸಭೆಯ ಗೋಡೆಯ ಮೇಲೇ ಇತ್ತು. ರೋಬೆಸ್ಪಿಯರ್ ಬಿದ್ದ ಕೆಲವೇ ದಿನಕ್ಕೆ ದಾವೀದ್ ಜೈಲು ಸೇರಿದ. 1795ರಲ್ಲಿ ಮರಾನ ಶವವನ್ನು ದೇಶದ ಗಣ್ಯರನ್ನು ಇಡುವ ಪ್ಯಾಂಥಿಯಾನ್‌ನಿಂದ ತೆಗೆದರು, ಚಿತ್ರವನ್ನು ಗೋಡೆಯಿಂದ ಇಳಿಸಿ ಬರೆದವನಿಗೇ ವಾಪಸ್ ಕೊಟ್ಟರು. ಈಗ ಜಗತ್ತೇ ಕೈ ಮುಗಿಯುವ ಚಿತ್ರ ಅದು. ಆಗ ಯಾರಿಗೂ ಬೇಡವಾದ ಸರಕು.

ರೆನ್ಯೋ ದಾವೀದ್‌ನ ಪ್ರತಿಸ್ಪರ್ಧಿ. ರಾಜಕೀಯದಲ್ಲಿ ಅವನಷ್ಟು ಮುಳುಗಿದವನಲ್ಲ, ಹಾಗಾಗಿ ಜೈಲಿನ ಭಯ ಇರಲಿಲ್ಲ. ಆದರೆ ಕೈಯಲ್ಲಿ ಒಂದು ಭಾರೀ ಕ್ಯಾನ್ವಾಸ್ ಇತ್ತು. ದೊಡ್ಡ ಚಿತ್ರ ವಾರದಲ್ಲಿ ಮುಗಿಯೋದಿಲ್ಲ. ಮೊದಲು ಕರಡು, ಆಮೇಲೆ ಒಂದೊಂದು ಮೈಕಟ್ಟಿನ ಅಭ್ಯಾಸ, ಆಮೇಲೆ ಪದರ ಪದರವಾಗಿ ಬಣ್ಣ, ಪ್ರತಿ ಪದರ ಒಣಗೋಕೆ ಕಾಯಬೇಕು. ಸರ್ಕಾರಗಳು ಅದಕ್ಕಿಂತ ಬೇಗ ಬೀಳುತ್ತಿದ್ದವು.

1795ರ ಶರತ್ಕಾಲದಲ್ಲಿ ಸಲೋನ್ ನೋಡೋಕೆ ಬಂದವರನ್ನು ಊಹಿಸಿಕೊಳ್ಳಿ. ಲೂವ್ರ್‌ನಿಂದ ಹೊರಗೆ ಬಂದು ತ್ವಿಲರಿ ತೋಟದ ಉದ್ದಕ್ಕೆ ನಡೆದರೆ ಸಿಗೋದು ರಾಜನ ತಲೆ ಬಿದ್ದ ಚೌಕ. ಅದರ ಹೆಸರು ಆಗ ‘ಕ್ರಾಂತಿ ಚೌಕ’. ಅದೇ ಅಕ್ಟೋಬರ್‌ನಲ್ಲಿ ಹೆಸರು ಬದಲಿಸಿ ‘ಕಾಂಕಾರ್ಡ್’ ಮಾಡಿದರು, ಅಂದರೆ ಸಾಮರಸ್ಯ. ಊರಿಗೆ ಊರೇ ‘ಆಗಿದ್ದು ಆಗಿಹೋಯ್ತು, ಆ ಮಾತು ಬೇಡ’ ಅನ್ನುತ್ತಿದ್ದ ಹೊತ್ತಿನಲ್ಲಿ ಒಳಗೆ ಗೋಡೆಯ ಮೇಲೆ ಕೈ ಚಾಚಿ ನಿಂತ ಹುಡುಗ. ಅವನ ಮುಖ ನೇರ ನಮ್ಮ ಕಡೆಗೇ. ‘ಹೇಳಿ, ಯಾವುದು ಬೇಕು?’ ಅಂತ. ವಿಮರ್ಶಕರಿಗೆ ಹಿಡಿಸಲಿಲ್ಲ. ಆ ಅಸ್ಥಿಪಂಜರ ಅವರಿಗೆ ಯಾವುದೋ ದೂರದ ಸಂಕೇತವಾಗಿ ಕಾಣಲಿಲ್ಲ, ಹೋದ ವರ್ಷದ ಸುದ್ದಿಯಾಗಿ ಕಂಡಿತು. ಮನೆಯಲ್ಲಿ ಸಾವಾಗಿ ವರ್ಷ ತುಂಬೋ ಮೊದಲು ಯಾರಾದರೂ ಬಂದು ಸಾವಿನ ಬಗ್ಗೆ ಪದ್ಯ ಓದಿದರೆ ಹೇಗಿರುತ್ತದೆ, ಹಾಗೆ.

ತಪ್ಪು ಎಲ್ಲಿ

ಬರೀ ಸಮಯದ ತಪ್ಪು ಅಂತ ಹೇಳಿ ಮುಗಿಸಬಹುದು. ಅದು ಸುಲಭದ ಉತ್ತರ. ಅರ್ಧ ನಿಜವೂ ಹೌದು. ಆದರೆ ನನಗೆ ಕಾಣೋದು ಇನ್ನೊಂದು.

ಮಾತಿನಲ್ಲಿ ‘ಇಲ್ಲಾ’ ಅಂತ ಹೇಳಬಹುದು. ಚಿತ್ರದಲ್ಲಿ ಅದನ್ನು ಹೇಳೋಕೆ ಆಗೋದೇ ಇಲ್ಲ. ಸ್ವಾತಂತ್ರ್ಯವನ್ನು ಬರೆಯಬಹುದು, ಟೋಪಿ ಕೊಟ್ಟರೆ ಆಯಿತು. ಸಾವನ್ನು ಬರೆಯಬಹುದು, ಎಲುಬು ಬರೆದರೆ ಆಯಿತು. ನಡುವಿನ ಆ ಚಿಕ್ಕ ಪದಕ್ಕೆ ಯಾವ ಬಣ್ಣ, ಯಾವ ಆಕಾರ? ಎರಡನ್ನೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಕೂರಿಸಿದ ಕೂಡಲೇ ಕಣ್ಣು ಓದೋದು ‘ಸ್ವಾತಂತ್ರ್ಯ ಮತ್ತು ಸಾವು’ ಅಂತ. ಅಕ್ಕಪಕ್ಕ ಇರುವವರು ಜೊತೆಗಾರರು. ಮದುವೆ ಫೋಟೋದಲ್ಲಿ ಪಕ್ಕಪಕ್ಕ ನಿಂತವರು ಜಗಳ ಆಡ್ತಿದ್ದಾರೋ ಇಲ್ಲವೋ ಫೋಟೋ ಹೇಳುತ್ತದಾ? ಗಿಲೋಟಿನ್ ನೋಡಿಬಂದವರಿಗೆ ಆ ‘ಮತ್ತು’ ತೀರಾ ಚೆನ್ನಾಗಿ ಗೊತ್ತಿತ್ತು. ಸ್ವಾತಂತ್ರ್ಯದ ಹೆಸರು, ಸಾವಿನ ಕೆಲಸ, ಎರಡನ್ನೂ ಒಟ್ಟಿಗೇ ನೋಡಿದ್ದರು.

ರೆನ್ಯೋಗೆ ಈ ತೊಡಕು ಗೊತ್ತಿತ್ತು ಅಂತ ನನ್ನ ಗುಮಾನಿ. ಅದಕ್ಕೇ ಆ ಎಲೆ ಕಿರೀಟ. ಸಾವಿನ ಕೈಗೆ ಬಹುಮಾನ ಕೊಟ್ಟು ಅವನು ಹೇಳೋಕೆ ಹೊರಟಿದ್ದು ಇದು: ಈ ಸಾವು ಶಿಕ್ಷೆಯಲ್ಲ, ದೇಶಕ್ಕಾಗಿ ಮಡಿದವರಿಗೆ ಸಿಗುವ ಗೌರವ. ಬೆದರಿಕೆಯ ‘ಇಲ್ಲಾ’ ಅಲ್ಲ, ಶಪಥದ ‘ಇಲ್ಲಾ’. ಆದರೆ ಕುಡುಗೋಲನ್ನು ಅಲ್ಲೇ ಬಿಟ್ಟ. ಕಿರೀಟ ಚಿಕ್ಕದು, ಕುಡುಗೋಲು ದೊಡ್ಡದು. ದೂರದಿಂದ ನೋಡುವವನ ಕಣ್ಣಿಗೆ ಯಾವುದು ಮೊದಲು ಬೀಳುತ್ತದೆ?

ಇನ್ನೊಂದು ತೊಂದರೆ ಅವನ ಶೈಲಿಯದ್ದು. ಆ ಕಾಲದ ನಿಯೋಕ್ಲಾಸಿಕಲ್ ಚಿತ್ರಕಾರರಿಗೆ ಗ್ರೀಕ್, ರೋಮನ್ ಶಿಲ್ಪವೇ ಆದರ್ಶ. ಗೆರೆ ಖಚಿತ, ಮೈ ನುಣುಪು, ಜೋಡಣೆ ತಕ್ಕಡಿಯ ಹಾಗೆ. ನಡುವೆ ದಂಡಿ, ಈ ಕಡೆ ಒಂದು ತಟ್ಟೆ, ಆ ಕಡೆ ಒಂದು ತಟ್ಟೆ. ತಕ್ಕಡಿ ಯಾವತ್ತೂ ಪಕ್ಷ ವಹಿಸೋದಿಲ್ಲ. ಹುಡುಗನ ಮುಖದಲ್ಲಿ ಸಂಕಟ ಇಲ್ಲ, ಆತುರ ಇಲ್ಲ. ಪಕ್ಕದಲ್ಲಿ ಸಾವು ಕೂತಿದ್ದರೂ ಅವನಿಗೆ ಏನೂ ಅನಿಸಿದ ಹಾಗೆ ಕಾಣೋದಿಲ್ಲ. ‘ಕಾಫಿ, ಇಲ್ಲಾ ಟೀ’ ಅಂತ ಕೇಳುವವನ ಮುಖ ಅದು. ಶಪಥ ಮಾಡಬೇಕಾದವನು ಮಾಣಿ ಆಗಿಬಿಟ್ಟ.

ರೆನ್ಯೋಗೆ ಇದರಿಂದ ನಷ್ಟವೇನೂ ಆಗಲಿಲ್ಲ. ನೆಪೋಲಿಯನ್ ಬಂದ, ರೆನ್ಯೋ ಅವನ ಕಾಲಕ್ಕೂ ಒಗ್ಗಿಕೊಂಡ. ನೆಪೋಲಿಯನ್ನನ ತಮ್ಮ ಜೆರೋಮ್‌ನ ಮದುವೆಯ ದೊಡ್ಡ ಚಿತ್ರ ಬರೆದ, ಅದು ಈಗ ವರ್ಸೈಲ್ಸ್ ಅರಮನೆಯಲ್ಲಿದೆ. ಬ್ಯಾರನ್ ಅನ್ನಿಸಿಕೊಂಡು 1829ರಲ್ಲಿ ತೀರಿಕೊಂಡ. ಸಮಾನತೆಯ ತೂಗುಗುಂಡು ಬರೆದ ಕೈಗೆ ಕೊನೆಗೆ ಬಿರುದು ಬಂತು. ಅದಕ್ಕೆ ಅವನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಆ ನಲವತ್ತು ವರ್ಷದಲ್ಲಿ ತಲೆ ಉಳಿಸಿಕೊಂಡು ಕುಂಚ ಹಿಡಿದಿದ್ದೇ ಒಂದು ಸಾಹಸ.

ಆ ಟೋಪಿ ಹೋದ ದೂರ

ನಡುವೆ ನಮ್ಮ ಕಡೆಯ ಒಂದು ಸಂಗತಿ. ಚಿತ್ರ ಪ್ರದರ್ಶನಕ್ಕೆ ಬಂದು ಎರಡು ವರ್ಷ ಆಗುವ ಮೊದಲೇ, 1797ರಲ್ಲಿ, ಅದೇ ಕೆಂಪು ಟೋಪಿ ಶ್ರೀರಂಗಪಟ್ಟಣಕ್ಕೆ ಬಂತು ಅಂತ ಕಾಗದಪತ್ರ ಹೇಳುತ್ತವೆ. ರಿಪೋ ಎಂಬ ಫ್ರೆಂಚ್ ಹಡಗಿನವನ ಮುಂದಾಳತ್ವದಲ್ಲಿ ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಒಂದು ಜಾಕೊಬಿನ್ ಕ್ಲಬ್, ಅಂದರೆ ಕ್ರಾಂತಿಯ ಉಗ್ರ ಪಕ್ಷದ ಕೂಟ, ಕಟ್ಟಿದರು, ಸ್ವಾತಂತ್ರ್ಯದ ಮರ ನೆಟ್ಟು ತುದಿಗೆ ಟೋಪಿ ಸಿಕ್ಕಿಸಿದರು, ಟಿಪ್ಪುವನ್ನು ‘ಪ್ರಜೆ ಟಿಪ್ಪು’ ಅಂತ ಕರೆದರು. ‘ಎಲ್ಲ ರಾಜರ ಮೇಲೂ ದ್ವೇಷ, ಟಿಪ್ಪು ಸುಲ್ತಾನನನ್ನು ಬಿಟ್ಟು’ ಅಂತ ಪ್ರಮಾಣ. ಕೊನೆಗೆ ಎಲ್ಲರೂ ಕೂಗಿದ್ದು ಅದೇ ಹಳೇ ವಾಕ್ಯ: ಸ್ವತಂತ್ರರಾಗಿ ಬದುಕುತ್ತೇವೆ, ಇಲ್ಲಾ ಸಾಯುತ್ತೇವೆ. ಈ ಕಾಗದಗಳನ್ನು ಅಚ್ಚು ಹಾಕಿಸಿದ್ದು 1799ರಲ್ಲಿ ಪಟ್ಟಣ ಗೆದ್ದ ಇಂಗ್ಲಿಷರು. ಹಾಗಾಗಿ ಇದರಲ್ಲಿ ನಿಜ ಎಷ್ಟು, ಯುದ್ಧಕ್ಕೆ ನೆಪ ಹುಡುಕುತ್ತಿದ್ದವರು ಸೇರಿಸಿದ್ದೆಷ್ಟು ಅನ್ನೋ ಅನುಮಾನ ಇತಿಹಾಸಕಾರರಲ್ಲಿ ಇದ್ದೇ ಇದೆ. ಅದೇನೇ ಇರಲಿ, ರಾಜರಿಗೆಲ್ಲ ಧಿಕ್ಕಾರ ಆದರೆ ನಮ್ಮ ರಾಜನಿಗಲ್ಲ ಅನ್ನುವ ಪ್ರಮಾಣ ಓದಿದಾಗೆಲ್ಲ ನನಗೆ ನಗು ತಡೆಯೋಕಾಗೋದಿಲ್ಲ.

ಇನ್ನು ಚಿತ್ರಕ್ಕೆ ವಾಪಸ್. ರೆನ್ಯೋನ ಶಿಷ್ಯರಲ್ಲಿ ಗೇರ್ಯಾಂ ಅಂತ ಒಬ್ಬ. ಗೇರ್ಯಾಂನ ಶಿಷ್ಯರಲ್ಲಿ ದೆಲಾಕ್ರುವಾ ಅಂತ ಒಬ್ಬ. ಈ ಮೊಮ್ಮಗ ಶಿಷ್ಯ 1830ರಲ್ಲಿ ಬರೆದ ಸ್ವಾತಂತ್ರ್ಯದ ಚಿತ್ರ ಎಲ್ಲರಿಗೂ ಗೊತ್ತು. ಧ್ವಜ ಎತ್ತಿ ಹಿಡಿದು ಹೆಂಗಸು ಮುಂದೆ ನುಗ್ಗುತ್ತಿದ್ದಾಳೆ, ಪಕ್ಕದಲ್ಲಿ ಪಿಸ್ತೂಲು ಹಿಡಿದ ಹುಡುಗ. ರೆನ್ಯೋನ ಸ್ವಾತಂತ್ರ್ಯ ಕೂತಿದ್ದಳು, ಇವಳು ಎದ್ದು ನಡೆದಳು, ಅದೂ ಬರಿಗಾಲಲ್ಲಿ. ಟೋಪಿ ಕೈಯಿಂದ ತಲೆಗೆ ಏರಿದೆ. ಮೂರು ಬಣ್ಣ ರೆಕ್ಕೆಯಿಂದ ಇಳಿದು ಬಟ್ಟೆಯ ಧ್ವಜಕ್ಕೆ ವಾಪಸ್ ಹೋಗಿದೆ. ಸಾವು ಎಲ್ಲಿ? ಅವಳ ಕಾಲ ಬುಡದಲ್ಲಿ. ಹೆಣಗಳು ಬಿದ್ದಿವೆ. ಒಬ್ಬನ ಕಾಲಿಗೆ ಒಂದೇ ಕಾಲುಚೀಲ ಉಳಿದಿದೆ. ಕುಡುಗೋಲಿಲ್ಲ, ಕಿರೀಟವೂ ಇಲ್ಲ. ದೆಲಾಕ್ರುವಾ ‘ಇಲ್ಲಾ’ ಬರೆಯೋ ಗೋಜಿಗೇ ಹೋಗಲಿಲ್ಲ. ‘ಮತ್ತು’ ಅಂತಲೇ ಬರೆದ.

ಆದರೆ ರೆನ್ಯೋ ಬರೆಯೋಕೆ ಹೊರಟ ಶಪಥದ ‘ಇಲ್ಲಾ’ ಬೇರೊಂದು ಕಡೆ ಬದುಕಿತ್ತು. ಕೆರಿಬಿಯನ್ ಸಮುದ್ರದ ಸೇಂಟ್ ಡೊಮಿಂಗ್, ಅಂದರೆ ಈಗಿನ ಹೈಟಿ, ಫ್ರೆಂಚರ ಸಕ್ಕರೆ ವಸಾಹತು. ಗದ್ದೆಯಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು. ಅವರು 1791ರಲ್ಲೇ ಬಂಡೆದ್ದಿದ್ದರು. 1794ರ ಫೆಬ್ರುವರಿಯಲ್ಲಿ ಪ್ಯಾರಿಸ್ ಸಭೆ ಗುಲಾಮಗಿರಿಯನ್ನು ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ವಸಾಹತುಗಳಲ್ಲಿ ಅದನ್ನು ಮತ್ತೆ ತಂದ. ಬಿಡುಗಡೆಯಾದವರ ಟೋಪಿ ಅಂತ ರೆನ್ಯೋ ಯಾವುದನ್ನು ಬಿಡಿಸಿದ್ದನೋ, ಅದನ್ನು ನಿಜವಾಗಿ ಹಾಕಿಕೊಳ್ಳಬೇಕಾದ ಜನ ಇವರು. ಇವರು ಫ್ರಾನ್ಸಿನ ಸೈನ್ಯವನ್ನೇ ಸೋಲಿಸಿದರು. 1804ರ ಜನವರಿ 1ರಂದು ಗೊನಾಯೀವ್‌ನಲ್ಲಿ ಹೈಟಿಯ ಸ್ವಾತಂತ್ರ್ಯ ಘೋಷಿಸಿದ ಪತ್ರದ ನೆತ್ತಿಯ ಮೇಲೆ ಫ್ರೆಂಚಿನಲ್ಲೇ ಬರೆದಿತ್ತು: ಸ್ವಾತಂತ್ರ್ಯ ಇಲ್ಲಾ ಸಾವು.

ಅದಕ್ಕೆ ಮುಂಚಿನ ವರ್ಷ ಅವರ ದಂಡನಾಯಕ ದೆಸಲೀನ್ ಮೂರು ಬಣ್ಣದ ಫ್ರೆಂಚ್ ಧ್ವಜ ತೆಗೆದುಕೊಂಡು ಬಿಳಿ ಪಟ್ಟಿಯನ್ನು ಹರಿದು ಬಿಸಾಡಿದ, ಉಳಿದ ನೀಲಿಯನ್ನೂ ಕೆಂಪನ್ನೂ ಸೇರಿಸಿ ಹೊಲಿಸಿದ ಅಂತ ಹೈಟಿಯಲ್ಲಿ ಹೇಳ್ತಾರೆ. ಹ್ಯಾಂಬರ್ಗ್‌ನ ಚಿತ್ರದಲ್ಲಿ ಹುಡುಗನ ರೆಕ್ಕೆಯ ಬಿಳಿ ಗರಿಗಳು ಇನ್ನೂ ಹಾಗೇ ಇವೆ.